ಮೂಸಿ ಕೊಟ್ಟ ಹುಲ್ಲು

2024ರ ಅಕ್ಟೋಬರ್ 14, ಸೋಮವಾರ, ಬೆಳಿಗ್ಗೆ 10.40. ಸೇಡಂ ರಸ್ತೆಯ ಕಾಲೇಜೊಂದರ ಸಂಶೋಧಕಿ ಆಸ್ಫಿಯಾ ಕಲಬುರಗಿಯ ಠಾಣೆಗೆ ಬಂದು ದೂರು ಕೊಟ್ಟಳು. ಪ್ರಯೋಗಾಲಯದಿಂದ ರೋಶಾ ಹುಲ್ಲಿನ ಎಣ್ಣೆಯ ಬಾಟ್ಲಿಯೂ ಅದರ ಪರೀಕ್ಷಾ ವರದಿಯೂ ಕಳವಾಗಿದ್ದವು.

“ಹುಲ್ಲೆಣ್ಣಿ ಕದಿಯೋರು ಯಾರ್ರಿ?” ಇನ್‌ಸ್ಪೆಕ್ಟರ್ ಕಲ್ಯಾಣಪ್ಪ ನಕ್ಕರು. “ವರದಿಯೊಳಗ ಏನಿತ್ತು?”

“ಖರೇ ರೋಶಾ ಎಣ್ಣಿಯೊಳಗ ಜೆರಾನಿಯಾಲ್ ನೂರಕ್ಕ ಎಂಬತ್ತರ ಹತ್ರ ಇರ್ಬೇಕ್ರಿ. ಗುಲಾಬಿ ವಾಸನಿ ಬರೋದು ಅದರಿಂದನೇ. ಇದರಾಗ ಹನ್ನೊಂದೇ ಇತ್ತು. ಅದೇ ಜಾತಿದು ಇನ್ನೊಂದು ಹುಲ್ಲದ, ನೋಡ್ಲಿಕ್ಕೆ ಒಂದೇ, ವಾಸನಿ ಶುಂಠಿದು. ಮೂಸಿದ್ರೇ ಗೊತ್ತಾಗೋದು.”

“ಹುಲ್ಲು ಕೊಟ್ಟೋರು?”

“ಕಮಲಾಪುರದ ಖಂಡೆಪ್ಪಜ್ಜ, ಹುಲ್ಲು ಕೊಯ್ದು ಎಣ್ಣಿನೂ ತೆಗಿತಾರ. ಶನಿವಾರ ಬಂದಾಗ ವರದಿ ತೋರ್ಸಿದೆ. ‘ಯಾರಿಗರೆ ಹೇಳೀಯೇನವ್ವಾ?’ ಅಂದ್ರು. ಇಲ್ಲಂದು ಚಾ ತರಾಕ ಹೋದೆ. ಬರೋದ್ರಾಗ ಅಜ್ಜ ಹೋಗಿದ್ರು.”

“ಇನ್ನೊಂದು ಪ್ರತಿ?”

“ಕಂಪ್ಯೂಟರ್‌ನಾಗ ಅದರಿ. ಅಜ್ಜಗ ಅದೆಲ್ಲ ತಿಳಿಯಂಗಿಲ್ಲ.”

ದೂರು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಇಮಾಮುದ್ದೀನನ ಪೆನ್ನು ನಿಂತಿತು. ಅವನ ಅಮ್ಮಿ ಮೊಣಕಾಲಿಗೆ ಹಚ್ಚುವುದು ಖಂಡೆಪ್ಪಜ್ಜನ ಎಣ್ಣೆಯನ್ನೇ. ‘ಖಂಡೆಪ್ಪ ಮೂಸಿ ಕೊಟ್ಟದ್ದು’ ಎಂದರೆ ಆ ಸೀಮೆಯಲ್ಲಿ ಎರಡನೆಯ ಮಾತಿರಲಿಲ್ಲ.

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ 2.15ಕ್ಕೆ ಕಲ್ಯಾಣಪ್ಪ, ಇಮಾಮುದ್ದೀನ್ ಇಬ್ಬರು ಪಂಚರೊಡನೆ ಕಮಲಾಪುರ ಮುಟ್ಟಿದರು. ಅಜ್ಜ ಮನೆಯ ಕಟ್ಟೆಯ ಮೇಲಿದ್ದ. ಜೀಪು ಇಳಿಯುತ್ತಲೇ ಶುಂಠಿಯ ಘಾಟು ಮೂಗಿಗೆ ಬಡಿಯಿತು.

“ಬಾಟ್ಲಿ ಎಲ್ಲದ ಅಜ್ಜಾ?” ಕಲ್ಯಾಣಪ್ಪ ಕೇಳಿದರು.

“ಯಾವ ಬಾಟ್ಲಿರಿ ಸಾಹೇಬ್ರ? ದೇವ್ರಾಣಿ, ನಂಗೊತ್ತಿಲ್ಲ.”

ಇಮಾಮುದ್ದೀನ್ ತಲೆ ತಗ್ಗಿಸಿದ. “ಹೆಗಲ ಮ್ಯಾಲಿನ ಟಾವೆಲ್ ಕೊಡ್ರಿ.”

“ಯಾಕೋ ತಮ್ಮಾ, ಏನಾಗ್ಯದ ಅದಕ್ಕ?”

“ಎಣ್ಣಿ ಚೆಲ್ಲ್ಯದ ಅಜ್ಜಾ. ಓಣಿಗೆಲ್ಲ ಹೊಡ್ಯಾಕತ್ತದ.”

ಅಜ್ಜ ಟಾವೆಲ್ಲನ್ನು ಮೂಗಿಗೊತ್ತಿ ಉಸಿರೆಳೆದ. ಮತ್ತೊಮ್ಮೆ ಎಳೆದ. ಪಂಚರು ಬೇರೆ ಕಡೆ ನೋಡಿದರು.

“ಕೊರೊನಾದಾಗ ಹೋತ್ರಿ ವಾಸನಿ. ನಾಕು ವರ್ಷಾತು, ಬರೇ ಕಣ್ಣಿಂದ ನೋಡಿ ಕೊಯ್ಯಾಕತ್ತೀನಿ. ಯಾವ ಬಾಯಿಂದ ಹೇಳ್ಲಿ?”

ಜೋಳದ ಚೀಲದೊಳಗೆ ಬಾಟ್ಲಿ ಸಿಕ್ಕಿತು, ಬಿರಡೆ ಸಡಿಲಾಗಿತ್ತು. ವರದಿಯನ್ನು ಒಲೆಗೆ ಹಾಕಿದ್ದ. 3.30ಕ್ಕೆ ಪಂಚನಾಮೆ ಮುಗಿದು, 3.50ಕ್ಕೆ ದಸ್ತಗಿರಿಯಾಯಿತು.

ಜೀಪು ಹತ್ತುವ ಮುಂಚೆ ಅಜ್ಜ ಇಮಾಮುದ್ದೀನನ ತೋಳು ಹಿಡಿದ. “ಮಂದಿಗಿ ಕಳ್ಳ ಅಂತ ಹೇಳ್ರಿ. ಮೂಗಿಂದು ಹೇಳಬ್ಯಾಡ್ರಿ.”

ಠಾಣೆಯಲ್ಲಿ ಅಜ್ಜನ ಹೇಳಿಕೆ ಬರೆಯುವಾಗ ‘ಕೃತ್ಯಕ್ಕೆ ಕಾರಣ’ ಎಂಬಲ್ಲಿ ಇಮಾಮುದ್ದೀನ್ ಬಹಳ ಹೊತ್ತು ತಡೆದ. ಈ ಸಲದ ಎಣ್ಣೆಯ ವಾಸನೆ ಬೇರೆಯಾಗಿದೆ ಎಂದು ಅಮ್ಮಿ ಎರಡು ಸಲ ಹೇಳಿದ್ದಳು. ಖಂಡೆಪ್ಪಜ್ಜ ಮೂಸಿ ಕೊಟ್ಟದ್ದು, ನಿನ್ನ ಮೂಗೇ ಕೆಟ್ಟಿದೆ ಎಂದು ಅವನು ಗದರಿದ್ದ. ಆಮೇಲೆ ಅಮ್ಮಿ ಆ ಮಾತೆತ್ತದೆ ಹಚ್ಚಿಕೊಳ್ಳುತ್ತಿದ್ದಳು.