ಆವಾಜ್ ನೋಡುವಷ್ಟರಲ್ಲಿ

ಅಲಕಾಬಾಯಿ ಅವನನ್ನು ಮೊದಲ ಸಲ ನೋಡಿದಾಗ ಕಂಡದ್ದು ಮುಖವಲ್ಲ, ಉಗುರು. ಎಡಗೈಯವು ಸಾಲೆಯ ಮಕ್ಕಳ ಹಾಗೆ ಒತ್ತಿ ಕತ್ತರಿಸಿದ್ದವು. ಬಲಗೈಯವು ನೀಳವಾಗಿ, ನಯವಾಗಿ ಬೆಳೆದಿದ್ದವು. ಕೈಗೆ ಕೆಲಸವಿಲ್ಲದ ಯಾವುದೋ ಜಾಗೀರದಾರರ ಮಗನಿರಬೇಕು, ಅದೂ ಅರ್ಧ ಜಾಗೀರು ಕಳೆದುಕೊಂಡವನು ಎಂದುಕೊಂಡಳು.

ಆತ ಭಾಲಚಂದ್ರ, ಗಿಟಾರ್ ಮಾಸ್ತರ. ಸಿಕಂದರಾಬಾದಿನಲ್ಲಿ ಗೋವೆಯ ಬ್ಯಾಂಡ್ ಮಾಸ್ತರನೊಬ್ಬನ ಕೈಕೆಳಗೆ ದುಡಿದು, ಉಗುರಿನಿಂದಲೇ ತಂತಿ ಮೀಟುವ ವಿಲಾಯತಿ ಶಾಸ್ತ್ರೀಯ ವಿದ್ಯೆಯನ್ನು ಬೀದರಿಗೆ ಹೊತ್ತು ತಂದಿದ್ದ. ತರಲು ಬೀದರವೇನೂ ಹೇಳಿ ಕಳಿಸಿರಲಿಲ್ಲ. ಪ್ರತಿ ಐತವಾರ ರೈಲುಗಾಡಿ ಹಿಡಿದು ಭಾಲ್ಕಿಗೆ ಬಂದು, ವಕೀಲರ ಇಬ್ಬರು ಹೆಣ್ಣುಮಕ್ಕಳಿಗೆ ಹುಡುಗಿಯರ ಸಾಲೆಯ ಕೋಣೆಯಲ್ಲಿ ಪಾಠ ಹೇಳುತ್ತಿದ್ದ. ಮನೆಯಲ್ಲಿ ಆ ಗದ್ದಲ ಬೇಡವೆಂದು ವಕೀಲರೇ ಮಾಡಿದ ಏರ್ಪಾಡು ಅದು. ಸಾಲೆಯ ಕೀಲಿ ಗಣಿತ ಕಲಿಸುವ ಅಲಕಾಳ ಹತ್ತಿರ. ಹೀಗಾಗಿ ಅವಳ ಐತವಾರಗಳೆಲ್ಲ ಹಾಳಾಗಿದ್ದವು.

ವಾರವಿಡೀ ಸೀಮೆಸುಣ್ಣ ತಿಂದ ದಣಿವು ಅವಳದು. ಗಾಡಿಯ ಧೂಳು ತಿಂದ ದಣಿವು ಅವನದು. ಅವಳು ಪೇಪರು ತಿದ್ದುವ ನೆವದಲ್ಲಿ ಕೇಳುತ್ತಿದ್ದಳು. ಅವನು ತಂತಿ ಬಿಗಿಯುವ ನೆವದಲ್ಲಿ ನೋಡುತ್ತಿದ್ದ. ಕಣ್ಣು ಕೂಡಿದರೆ ಅವಳ ಕೈಯಿಂದ ಯಾವುದೋ ಹುಡುಗಿಗೆ ಒಂದು ಮಾರ್ಕು ಹೆಚ್ಚಿಗೆ ಬೀಳುತ್ತಿತ್ತು. ಅವನ ತಂತಿ ಅರ್ಧ ಸ್ವರ ಏರುತ್ತಿತ್ತು.

ಶಿಷ್ಯೆಯರಿಗೆ ಅವನು ಹೇಳುತ್ತಿದ್ದ ಮಾತು ಒಂದೇ: ತಪ್ಪಿದರೆ ನಿಲ್ಲಬೇಡಿ, ತಿದ್ದಲು ಹಿಂದಕ್ಕೆ ಹೋಗಬೇಡಿ, ಮುಂದೆ ನಡೆಯಿರಿ. ಸ್ವತಃ ಅವನು ಮಾತ್ರ ಆರಂಭವನ್ನೇ ಮಾಡುತ್ತಿರಲಿಲ್ಲ. ಎಲ್ಲಿ ಸಂಗೀತ ಕಚೇರಿ ಗೊತ್ತಾದರೂ, ವೇದಿಕೆ ಹತ್ತುವ ಮುಂಚೆ ಅವನ ತೋರುಬೆರಳು ಬಾಯಿಗೆ ಹೋಗುತ್ತಿತ್ತು. ಆಮೇಲೆ ಎದ್ದುನಿಂತು, “ಮಾಫ್ ಮಾಡ್ರಿ, ಉಗುರು ಮುರದದ” ಎನ್ನುತ್ತಿದ್ದ. ಮುರಿಯುತ್ತಿರಲಿಲ್ಲ, ಕಚ್ಚುತ್ತಿದ್ದ. ಅದು ಅಲಕಾಳಿಗೆ ಗೊತ್ತಿತ್ತು.

ಮಾತಿನ ಕಥೆಯೂ ಅದೇ. “ಬಾಯಾರ, ಒಂದ್ ಮಾತು…” ಎಂದು ಶುರುಮಾಡಿ, ಅವಳು ತಲೆ ಎತ್ತಿದೊಡನೆ, ಬೋರ್ಡಿಗೆ ಬರೆಯಲು ಚಾಕ್‌ಪೀಸ್ ಉಂಟೇ ಎಂದು ಕೇಳುತ್ತಿದ್ದ. ಎರಡು ವರ್ಷದಲ್ಲಿ ಅವನಿಗೆ ಅವಳು ಕೊಟ್ಟ ಚಾಕ್‌ಪೀಸು ಒಂದು ಇಡೀ ಸಾಲೆಗೆ ಸಾಕಾಗುತ್ತಿತ್ತು.

ಅಷ್ಟರಲ್ಲಿ ರಾಜ್ಯಗಳ ಗಡಿ ಬದಲಾಯಿತು. ಬೀದರ, ಭಾಲ್ಕಿ, ಔರಾದ ಮೈಸೂರು ರಾಜ್ಯಕ್ಕೆ ಬಂದವು. ಅದೇ ರೈಲುಹಾದಿಯ ಉದಗೀರು ಮುಂಬೈ ರಾಜ್ಯಕ್ಕೆ ಹೋಯಿತು. ಗಾಡಿಗೆ ಅದರ ಖಬರಿರಲಿಲ್ಲ. ಉದಗೀರಿನಲ್ಲಿದ್ದ ಅಲಕಾಳ ಅಣ್ಣ ಪ್ರಲ್ಹಾದರಾವ ಮಾತ್ರ, ಒಂಟಿ ಹೆಣ್ಣು ಆ ಕಡೆ ಯಾಕೆ, ಇಲ್ಲಿಯ ಸಾಲೆಗೆ ಬಂದುಬಿಡು ಎಂದು ಮೇಲಿಂದ ಮೇಲೆ ಹೇಳಿ ಕಳಿಸತೊಡಗಿದ. ಬೇಡವೆನ್ನಲು ಅವಳಿಗೊಂದು ಕಾರಣ ಬೇಕಿತ್ತು. ಕಾರಣ ಎದುರಿಗೇ ಕೂತು ತಂತಿ ಬಿಗಿಯುತ್ತಿತ್ತು.

ರಾಜ್ಯಕ್ಕೆ ವರ್ಷ ತುಂಬಿದ ನವೆಂಬರ್ ಒಂದರಂದು ಸಾಲೆಯ ಮೈದಾನದಲ್ಲಿ ಸಮಾರಂಭ. ತೊಗರಿ ಅಡತಿಯ ಮಾಣಿಕಪ್ಪ ಸೇಠರು ಮುಖ್ಯಸ್ಥರು. ಗಿಟಾರ್ ಅಂದರೆ ಪಾಟಲೋನು ತೊಟ್ಟ ಸಿತಾರ್ ಎಂದು ಅವರು ತಿಳಿದಿದ್ದರು. ಹೊಸ ರಾಜ್ಯಕ್ಕೆ ಹೊಸ ವಾದ್ಯ ಇರಲಿ ಎಂದು ಭಾಲಚಂದ್ರನನ್ನು ಒಪ್ಪಿಸಿದ್ದರು. ಬೀದರಿನಿಂದ ಕಲೆಕ್ಟರ್ ಸಾಹೇಬರು ಬರುವುದು ತಡವಾಯಿತು. ಜನ ಶೇಂಗಾ ಸುಲಿಯುತ್ತ, ತಂತಮ್ಮ ವ್ಯವಹಾರ ಮಾತಾಡುತ್ತ ಕೂತರು. ಧ್ವನಿವರ್ಧಕದ ಹಬೀಬ ತಂತಿ ಜೋಡಿಸುತ್ತ, ಮಾಸ್ತರ್, ಸ್ವಲ್ಪ ಬಾರಸ್ರಿ, ಆವಾಜ್ ನೋಡ್ತೇನಿ ಎಂದ.

ಆವಾಜ್ ನೋಡುವುದು ತಾನೇ! ಭಾಲಚಂದ್ರ ನೆಲ ನೋಡುತ್ತ ಬಾರಿಸಿದ. ಸ್ವರಗಳು ಒಂದರ ಬೆನ್ನಿಗೊಂದು ಸದ್ದಿಲ್ಲದೆ ಬಂದು ಕೂತವು. ಮೊದಲು ಮುಂದಿನ ಸಾಲಿನ ಶೇಂಗಾ ನಿಂತಿತು, ಆಮೇಲೆ ಹಿಂದಿನ ಸಾಲಿನ ವ್ಯವಹಾರ. ಹೆಂಗಸರ ಕಡೆ ಕೂತಿದ್ದ ಅಲಕಾಳಿಗೆ, ಇಷ್ಟು ದಿನ ತನ್ನೊಬ್ಬಳದೇ ಆಗಿದ್ದುದನ್ನು ಊರೆಲ್ಲ ಕೇಳುತ್ತಿದೆಯಲ್ಲ ಎಂದು ಸ್ವಲ್ಪ ಹೊಟ್ಟೆಕಿಚ್ಚಾಯಿತು. ಹಬೀಬ ಬರೋಬರ್ ಅದ ಎಂದ. ಭಾಲಚಂದ್ರ ಅಲ್ಲಿಗೇ ಬಿಟ್ಟ.

ಸಾಹೇಬರು ಬಂದು, ಭಾಷಣವಾಗಿ, ಅವನ ಹೆಸರು ಕೂಗುವ ಹೊತ್ತಿಗೆ ಬೆರಳು ಬಾಯಿಗೆ ಹೋಗಿ ಬಂದಾಗಿತ್ತು. ಎದ್ದುನಿಂತು ಮಾಫಿ ಕೇಳಿದ. ಸೇಠರು ಬೇಸರಿಸಲಿಲ್ಲ, ಬರೀ ತಯಾರಿಯೇ ಹೀಗಿದ್ದರೆ ಖರೇ ಕಚೇರಿ ಹೇಗಿದ್ದೀತು ಎಂದು ವಾರವಿಡೀ ಗಿರಾಕಿಗಳಿಗೆ ಹೇಳಿದರು. ಖರೇ ಕಚೇರಿ ಆಗಿ ಹೋಯಿತೆಂದು ತಿಳಿದವಳು ಊರಲ್ಲಿ ಒಬ್ಬಳೇ.

ಮುಂದಿನ ಐತವಾರ ಪಾಠ ಮುಗಿದ ಮೇಲೆ ಅವಳೂ ಸ್ಟೇಶನ್ನಿಗೆ ಬಂದಳು. ಬೀದರಿಗೆ ಅವನನ್ನು ಒಯ್ಯುವ ಗಾಡಿಯಲ್ಲೇ ಅಣ್ಣ ಉದಗೀರಿನಿಂದ ಬರುವವನಿದ್ದ, ಅವಳನ್ನು ಕರೆದುಕೊಂಡು ಹೋಗಲು. ಇದನ್ನು ಹೇಳಿ ಅವಳು ಬೆಂಚಿನ ಮೇಲೆ ಕೂತಳು. ನಡುವೆ ಗಿಟಾರಿನ ಪೆಟ್ಟಿಗೆ. ಅವನು ಹೌದ್ರೀ ಅಂದ. ಕೈ ಮೆಲ್ಲಗೆ ಬಾಯಿಯ ಕಡೆ ಹೊರಟಿತು.

ಅಲಕಾಳಿಗೆ ಸಿಟ್ಟು ಬರಬೇಕಿತ್ತು; ಸಿಟ್ಟಿಗೇಳುವಷ್ಟೂ ತ್ರಾಣವಿರಲಿಲ್ಲ. ಆಗ ಹಬೀಬ ನೆನಪಾದ.

“ಮಾಸ್ತರ, ನಮ್ಮ ದಾದಾ ಬಂದ್ರ ಏನ್ ಹೇಳ್ತೀರಿ, ಒಂದ್ ಸಲ ಹೇಳಿ ನೋಡ್ರಿ. ನಾ ಈಗ ಅಲಕಾಬಾಯಿ ಅಲ್ಲ, ಪ್ರಲ್ಹಾದರಾವ. ಬರೇ ಆವಾಜ್ ನೋಡ್ಲಿಕ್ಕಿ.”

ಅವನು ಅವಳನ್ನು ನೋಡಿದ. ಮತ್ತೆ ನೆಲ ನೋಡಿದ.

“ನಮಸ್ಕಾರ್ರಿ. ನಾ ಭಾಲಚಂದ್ರ. ನಮ್ದು ಔರಾದ ತಾಲೂಕಿನ ಠಾಣಾ ಕುಶನೂರ. ಈಗ ಬೀದರದಾಗ ನೌಬಾದಕ್ಕ ಇರ್ತೇನಿ.”

“ಉದ್ಯೋಗ?” ಅವಳು ಅಣ್ಣನ ಹಾಗೆ ಗದ್ದ ಎತ್ತಿ ಕೇಳಿದಳು.

“ಗಿಟಾರ್ ಕಲಸ್ತೇನ್ರಿ.”

“ಅದೂ ಒಂದು ಉದ್ಯೋಗೇನು?”

“ಅಲ್ರಿ. ಆದ್ರ ಬ್ಯಾರೆ ಏನೂ ಬರಲ್ರಿ.”

“ಬೀಡಿ, ಸೇಂದಿ?”

“ಇಲ್ರಿ.”

“ತಾಯಿ ಏನಂತಾರ?”

“ಯಾರನ್ನರ ಲಗ್ನ ಮಾಡ್ಕೊಂಡು ಬಾ, ಆ ಬಾಜಾ ಒಂದೇ ಹೊತಗೊಂಡು ಬರಬ್ಯಾಡ ಅಂತಾಳ್ರಿ.”

ಅವಳು ನಗು ತಡೆದಳು. ಪ್ರಲ್ಹಾದರಾವ ನಗುವ ಮನುಷ್ಯನಲ್ಲ.

“ಕಚೇರಿ ಕೊಡ್ತೀರೇನು?”

“ಇಲ್ರಿ. ಅಂಜಿಕಿ. ಕೂತು ಕೇಳವ್ರನ್ನ ನೋಡಿದ್ರ ಕೈ ನಡಗ್ತದ.” ಆಮೇಲೆ ಮೊದಲಿಗಿಂತ ಸಣ್ಣ ದನಿಯಲ್ಲಿ, “ಒಬ್ರ ಮುಂದ ನಡಗಲ್ರಿ. ಪೇಪರ್ ತಿದ್ಕೋತ ಕೂಡ್ತಾರ, ಕೇಳಲಾರ್ದಂಗ ಮಾಡ್ತಾರ. ಅವ್ರು ಕೇಳ್ತಾರಂತ ನಂಗ ಗೊತ್ತದ. ಅವ್ರು ಉದಗೀರಕ್ಕ ಹೋದ್ರ, ನಾ ಭಾಲ್ಕಿಗಿ ಯಾಕ ಬರಬೇಕ್ರಿ?”

ಪ್ರಲ್ಹಾದರಾವ ಮುಂದೆ ಏನು ಕೇಳುತ್ತಿದ್ದನೋ ಅಲಕಾಳಿಗೆ ಹೊಳೆಯಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಬೆಂಚಿನ ಹತ್ತಿರ ಕೂಲಿಯವನೊಬ್ಬ ನಿಂತು ಇಬ್ಬರನ್ನೂ ಹಾಯಾಗಿ ನೋಡುತ್ತಿದ್ದ. ನೋಡಲಿ ಎಂದು ಬಿಟ್ಟಳು.

“ಆವಾಜ್ ಬರೋಬರ್ ಅದ,” ಎಂದಳು. ಆ ದನಿ ಅಣ್ಣನದಾಗಿರಲಿಲ್ಲ.

ಗಾಡಿ ಬಂತು. ಪ್ರಲ್ಹಾದರಾವ ಕೈಯಲ್ಲೊಂದು ತುಂಬಿದ ಚೀಲ ಹಿಡಿದು, ಬಿಸಿಲಿಗೆ ಮುಖ ಗಂಟಿಕ್ಕಿ ಇಳಿದ. ಭಾಲಚಂದ್ರ ಎದ್ದ. ಬಲಗೈ ಬಾಯಿಯ ತನಕ ಹೋಯಿತು. ಅಲಕಾ ತಡೆಯಲಿಲ್ಲ, ಕಣ್ಣು ತೆಗೆಯಲೂ ಇಲ್ಲ. ಕೈ ಅಲ್ಲಿಂದಲೇ ತಿರುಗಿ ಇನ್ನೊಂದರ ಜೊತೆ ಸೇರಿ ನಮಸ್ಕಾರವಾಯಿತು.

ಆಮೇಲೆ ಅವನು ಹೇಳಿದ. ಮೊದಲಿನಿಂದ ಹೇಳಿದ. ಕುಶನೂರಿನಲ್ಲಿ ಎಡವಿದ, ನೌಬಾದದಲ್ಲಿ ತೊದಲಿದ, ಎಲ್ಲಿಯೂ ನಿಲ್ಲಲಿಲ್ಲ. ಗಿಟಾರ್ ಕಲಿಸುತ್ತೇನೆ ಎಂದ. ಅದು ಉದ್ಯೋಗವಲ್ಲ ಎಂದ. ಬೀಡಿ ಇಲ್ಲ, ಸೇಂದಿ ಇಲ್ಲ ಎಂದ. ತಾಯಿಯ ಮಾತು ಹೇಳಿದ. ಅಂಜಿಕೆ ಎಂದ, ಒಬ್ಬರ ಮುಂದೆ ಇಲ್ಲ ಎಂದ. ಯಾರೂ ಕೇಳದ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಕೊಟ್ಟು ಮುಗಿಸುವಷ್ಟರಲ್ಲಿ ಬೀದರದ ಗಾಡಿ ಅವನನ್ನು ಬಿಟ್ಟು ಹೊರಟುಹೋಗಿತ್ತು.

ಪ್ರಲ್ಹಾದರಾವ ತಂಗಿಯ ಕಡೆ ತಿರುಗಿದ. “ನಾ ಏನೂ ಕೇಳೇ ಇಲ್ಲಲ್ಲ?”

“ನಾ ಕೇಳೀನಿ ದಾದಾ,” ಎಂದಳು. “ನಾ ಎಲ್ಲೂ ಬರಲ್ಲ. ಇಲ್ಲೇ ಇರ್ತೇನಿ.”

ಹತ್ತು ವರ್ಷ ತಂಗಿಗೆ ವರ ಹುಡುಕಿ ಸವೆದಿದ್ದ ಮನುಷ್ಯ ಅವನು. ನೆಂಟರ ಮನೆಗಳಲ್ಲಿ ಕುಡಿದ ಚಹಾ, ಕೇಳಿದ ಕೊಂಕು ಎಲ್ಲ ಒಮ್ಮೆಲೇ ನೆನಪಾದಂತೆ ಅವನು ನಿಟ್ಟುಸಿರು ಬಿಟ್ಟ. ಭಾಲಚಂದ್ರನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಬೆಂಚಿನ ಮೇಲಿನ ಪೆಟ್ಟಿಗೆಯನ್ನು ಇನ್ನೂ ಸ್ವಲ್ಪ ಹೆಚ್ಚು ಹೊತ್ತು ನೋಡಿದ.

ಏನು ಮಾಡಬೇಕೋ ತಿಳಿಯದೆ ಭಾಲಚಂದ್ರ ಬಾಗಿ ಅವನ ಚೀಲಕ್ಕೆ ಕೈ ಹಾಕಿದ. ಪ್ರಲ್ಹಾದರಾವ ಚೀಲವನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡ.

“ಬಿಡ್ರಿ, ಬಿಡ್ರಿ,” ಎಂದ, ಇನ್ನೂ ಗಂಟಿಕ್ಕಿದ ಮುಖದಲ್ಲೇ. “ಮನಿ ಅಳಿಯನ ಕೈಲಿ ಬೋಜಾ ಹೊರಸಿದ್ರ ಮಂದಿ ಏನಂತಾರ?”