ಎಂಟು ತಂಗುದಾಣಗಳ ನಕ್ಷೆ

"ಇದು ನಕ್ಷೆಯಲ್ಲ ಮೇಡಂ... ಕಟ್ಟುಕಥೆ!"

ಅವಳ ಕೈಯಲ್ಲಿದ್ದ ಕುಂಚ ಅಲ್ಲೇ ನಿಂತಿತು.

ಮೂರು ವರ್ಷ! ಹದಿನಾರು ಚೂರಾಗಿದ್ದ ಆ ಬಟ್ಟೆ ನಕ್ಷೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಜೋಡಿಸಿದವಳು ಅವಳು. ಬಂದರಿನಿಂದ ಬೆಟ್ಟದ ತುದಿಯ ಪುಣ್ಯಕ್ಷೇತ್ರಕ್ಕೆ ಹೋಗುವ ಹಳೆಯ ಯಾತ್ರಾಮಾರ್ಗ ಅದು. ಈಗ ಯಾರೋ ಸರ್ವೇಯರ್ ಬಂದು, ಚಪ್ಪಲಿ ಬಿಡುವ ಮೊದಲೇ ಹೀಗಂದರೆ?

"ಬಯಲು ಅರವತ್ತು ಕಿಲೋಮೀಟರ್, ನಕ್ಷೆಯಲ್ಲಿ ನಾಲ್ಕೇ ಬೆರಳು. ಬೆಟ್ಟ ನಲವತ್ತು, ಇಲ್ಲಿ ಹನ್ನೆರಡು ಬೆರಳು! ಯಾವ ಲೆಕ್ಕ ಇದು?"

"ಕಾಲಿನ ಲೆಕ್ಕ! ಬರೆದವನು ಯಾತ್ರಿಕ ಸಾರ್. ದೂರ ಅಳೆದಿಲ್ಲ, ದಿನ ಎಣಿಸಿದ್ದಾನೆ. ಈ ಎಂಟು ಚುಕ್ಕಿ ನೋಡಿ, ಒಂದೊಂದೂ ರಾತ್ರಿ ತಂಗಿದ ಜಾಗ."

"ಹಾಗಿದ್ರೆ ಚುಕ್ಕಿಗಳ ಅಂತರ ಒಂದೇ ಸಮ ಇರ್ಬೇಕಿತ್ತು. ಎಲ್ಲ ಎರಡೆರಡು ಬೆರಳು. ಆರನೇದು ಮಾತ್ರ ಯಾಕೆ ಐದನೇದಕ್ಕೆ ಅಂಟಿಕೊಂಡಿದೆ?"

ಆ ಚುಕ್ಕಿ ಅವಳಿಗೂ ಒಗಟಾಗಿಯೇ ಉಳಿದಿತ್ತು. ಹುಳುಕು ಎತ್ತಿ ತೋರಿಸಿದರೆ ಸಿಟ್ಟು ನೆತ್ತಿಗೇರುತ್ತದಲ್ಲ, ಹಾಗೇ ಆಯಿತು.

ಅವನ ಸಹಿ ಬೀಳದೆ ವಸ್ತುಸಂಗ್ರಹಾಲಯದ ಪ್ರದರ್ಶನದಲ್ಲಿ ನಕ್ಷೆಗೆ ಜಾಗವಿಲ್ಲ. ಎರಡು ವಾರ ಅವನು ದಿನವೂ ಬಂದ, ಅಳೆದ, ವಾದಿಸಿದ. ವಿಚಿತ್ರ ನೋಡಿ, ಹತ್ತು ಗಂಟೆಯಾದರೆ ಅವಳ ಕಿವಿ ಮೆಟ್ಟಿಲ ಕಡೆಗೇ ಇರತೊಡಗಿತು! ಅವಳನ್ನು ಸಾಕಿದ ದೊಡ್ಡಮ್ಮನಿಗೆ ಇದು ತಿಳಿಯದೆ ಇರುತ್ತದೆಯೇ?

"ಏನೇ, ಜಗಳಕ್ಕೆ ಹೋಗೋಳು ಹೊಸ ಸೀರೆ ಉಟ್ಕೊಂಡು ಹೋಗ್ತಾಳಾ?"

"ಸುಮ್ನಿರಿ ದೊಡ್ಡಮ್ಮ!"

ಕೊನೆಯ ದಿನ ಅವನು ಮತ್ತೆ ತಲೆಯಾಡಿಸಿದ. ಅವಳಿಗೆ ತಡೆಯಲಾಗಲಿಲ್ಲ.

"ಕುರ್ಚಿ ಮೇಲೆ ಕೂತು ಬೆಟ್ಟ ಅಳೀತೀರಾ? ನಡೆದು ನೋಡಿ! ಅಲ್ಲಿಯವರೆಗೆ ನನಗೆ ಮುಖ ತೋರಿಸ್ಬೇಡಿ!"

ಅವನು ಚೀಲ ಹೆಗಲಿಗೇರಿಸಿ ಹೊರಟುಹೋದ.

ಒಂದು ದಿನವಾಯಿತು. ನಾಲ್ಕು ದಿನವಾಯಿತು. ಫೋನಿಲ್ಲ, ವರದಿಯಿಲ್ಲ. 'ನಾನೇ ಓಡಿಸಿಬಿಟ್ಟೆ... ಅವರಿಗೂ ಇದೇ ಬೇಕಿತ್ತೇನೋ!' ಎಂದು ಅವಳು ಒಳಗೊಳಗೇ ಬೆಂದಳು. ಊಟ ಸೇರಲಿಲ್ಲ.

ಹತ್ತನೆಯ ದಿನ ಬೆಳಗ್ಗೆ ಪ್ರದರ್ಶನದ ಸಮಿತಿ ಅವಳ ಕೆಲಸದ ಕೋಣೆಯಲ್ಲೇ, ನಕ್ಷೆ ಹಾಸಿದ ಮೇಜಿನ ಸುತ್ತ ಸೇರಿತು. ವಸ್ತುಸಂಗ್ರಹಾಲಯದ ಮುಖ್ಯಸ್ಥೆ ಬೇಸರದಿಂದಲೇ ಹೇಳಿದರು.

"ಸಹಿ ಬಂದಿಲ್ಲಮ್ಮ. ನಕ್ಷೆ ಉಗ್ರಾಣಕ್ಕೆ ವಾಪಸ್ ಹೋಗ್ಬೇಕು."

ಅವಳ ಕಣ್ಣು ತುಂಬಿಬಂತು. ಅಷ್ಟರಲ್ಲಿ ಬಾಗಿಲು ತೆರೆಯಿತು.

ಅವನೇ! ಮುಖ ಬಿಸಿಲಿಗೆ ಕಪ್ಪಿಟ್ಟಿದೆ, ಬೂಟಿನ ಅಟ್ಟೆ ಬಾಯಿ ಬಿಟ್ಟಿದೆ, ಒಂದು ಕಾಲು ಕುಂಟುತ್ತಿದೆ.

"ನಡೆದು ಬಂದೆ. ಬಯಲು ಎರಡು ದಿನ, ಬೆಟ್ಟ ಆರು ದಿನ. ಎಂಟೂ ತಂಗುದಾಣ ಸಿಕ್ಕವು. ಒಂದು ಕಡೆ ಮೂರು ಧರ್ಮದವರ ಪ್ರಾರ್ಥನಾ ಮಂದಿರಗಳು ಎದುರುಬದುರು ನಿಂತಿವೆ, ನೀರಿಗೆ ಮಾತ್ರ ಒಂದೇ ಬಾವಿ! ನಕ್ಷೆ ಸುಳ್ಳಲ್ಲ. ನಾನೇ ತಪ್ಪು."

ಸಭೆಯಲ್ಲಿ ಗುಜುಗುಜು ಎದ್ದಿತು. ಅವನು ಅವಳತ್ತ ತಿರುಗಿ ದನಿ ತಗ್ಗಿಸಿದ.

"ಆದ್ರೆ... ಬೆಟ್ಟದಲ್ಲಿ ಮೊದಲು ಸೇತುವೆ ಬರುತ್ತೆ, ಆಮೇಲೆ ನೀರಿನ ಬುಗ್ಗೆ, ಅದರ ಪಕ್ಕ ಆರನೇ ತಂಗುದಾಣ. ನಿಮ್ಮ ನಕ್ಷೆಯಲ್ಲಿ ತಿರುವುಮುರುವಾಗಿದೆ."

ಅವಳು ನಕ್ಷೆಯ ಮೇಲೆ ಬಾಗಿದಳು. ನಕ್ಷೆ ಮಡಿಕೆಗಳ ಗುಂಟ ಹರಿದಿತ್ತು. ಹಾಗಾಗಿ ಎಲ್ಲ ಚೂರೂ ಒಂದೇ ಅಳತೆ. 'ಅಯ್ಯೋ! ಹನ್ನೆರಡನೇ ಚೂರನ್ನು ತಲೆಕೆಳಗಾಗಿ ಅಂಟಿಸಿದೆನಾ?'

ಬೇರೆ ಯಾರಾದರೂ ಆಗಿದ್ದರೆ ತಪ್ಪು ಮುಚ್ಚಿಡುತ್ತಿದ್ದರು. ಅವಳು ಎಲ್ಲರೆದುರೇ ಕುಂಚವನ್ನು ನೀರಲ್ಲಿ ಅದ್ದಿ, ಅಂಟು ನೆನೆಸಿ, ಅರ್ಧ ಗಂಟೆ ಉಸಿರು ಬಿಗಿಹಿಡಿದು ಆ ಚೂರನ್ನು ಬಿಡಿಸಿದಳು. ತಿರುಗಿಸಿ ಇಟ್ಟಳು.

ದಾರಿಯ ಗೆರೆ ಗೆರೆಗೆ ಕೂಡಿತು. ಅವನು ಬಾಗಿ ಬೆರಳಿಟ್ಟು ಅಳೆದ.

"ಎರಡು ಬೆರಳು... ಎರಡು ಬೆರಳು... ಎಲ್ಲ ಎರಡೇ ಬೆರಳು!"

ಇಡೀ ಸಭೆ ಎದ್ದು ಚಪ್ಪಾಳೆ ತಟ್ಟಿತು! ಮುಖ್ಯಸ್ಥೆ ಅವಳನ್ನು ತಬ್ಬಿಕೊಂಡರು. "ಪ್ರದರ್ಶನದ ಮೊದಲ ಗೋಡೆಯೇ ನಿನ್ನ ನಕ್ಷೆಗಮ್ಮ!"

ಎಲ್ಲರೂ ಹೋದ ಮೇಲೆ ಅವಳು ಕುರ್ಚಿ ಎಳೆದು ಅವನನ್ನು ಕೂರಿಸಿದಳು.

"ಒಂದು ಫೋನ್ ಮಾಡೋಕೆ ಏನಾಗಿತ್ತು? ನಾನು ಎಷ್ಟು ಅತ್ತೆ ಗೊತ್ತಾ?"

"ನಡೆಯೋ ತನಕ ಮುಖ ತೋರಿಸ್ಬೇಡಿ ಅಂದ್ರಲ್ಲ. ದನಿ ಕೇಳಿಸಿದ್ರೂ ಬೈತೀರೇನೋ ಅಂತ ಹೆದರಿದೆ."

ಅಳುತ್ತಿದ್ದವಳು ನಕ್ಕುಬಿಟ್ಟಳು.

"ನಕ್ಷೆಗೋಸ್ಕರ ಅಷ್ಟು ದೂರ ನಡೆದ್ರಾ?"

"ಮೊದಲೆರಡು ದಿನ ನಕ್ಷೆಗೋಸ್ಕರ. ಆಮೇಲೆ... ಒಂದೊಂದು ತಂಗುದಾಣದಲ್ಲೂ ನಿಮಗೆ ಹೇಳಬೇಕು ಅಂತ ಒಂದೊಂದು ಮಾತು ಉಳೀತು. ಏಳನ್ನ ಹೇಗೋ ಹೇಳಿಬಿಡ್ತೀನಿ. ಎಂಟನೇದಕ್ಕೆ ಮಾತ್ರ ಧೈರ್ಯ ಸಾಲ್ತಿಲ್ಲ."

ಅವಳು ಊರುಗೋಲು ಹಿಡಿದು ಗುಳ್ಳೆ ಎದ್ದಿದ್ದ ಅವನ ಅಂಗೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಎಂಟನೇದನ್ನೇ ಮೊದಲು ಹೇಳಿ. ಉಳಿದ ಏಳು ಕೇಳೋಕೆ ಜನ್ಮ ಪೂರ್ತಿ ಜೊತೆಗೇ ಇರ್ತೀನಲ್ಲ..."