ತೂತಿಲ್ಲದ ಬಾವುಟ

ಬಾಗಿಲಲ್ಲಿ ನಿಂತ ಸಯೀದಾಳ ಮುಖ ನೋಡಿದ ಕೂಡಲೇ ಕೃಷ್ಣಸ್ವಾಮಿಗಳು ಕಾರಿನ ಬೀಗದ ಕೈ ಹುಡುಕತೊಡಗಿದರು. ನ್ಯೂಜೆರ್ಸಿಯ ಕೆಂಡಲ್ ಪಾರ್ಕಿನ ಕನ್ನಡದವರ ಮನೆಯಲ್ಲಿ ಏನು ಕಳೆದರೂ ಪತ್ತೆ ಹಚ್ಚುವವರು ಅವರ ಹೆಂಡತಿ ಭಾನುಮತಿ, ಮೈಸೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಚರಿತ್ರೆ ಪಾಠ ಹೇಳಿದಾಕೆ. ಹುಡುಕುವುದು ಆಕೆ, ಡ್ರೈವ್ ಮಾಡುವುದು ಇವರು. ಆ ಏರ್ಪಾಡಿನ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆಯೂ ಇತ್ತೆನ್ನಿ.

"ನಾನು ಕದ್ದಿಲ್ಲ ಆಂಟಿ," ಎಂದಳು ಸಯೀದಾ. "ಸಾಯಂಕಾಲದೊಳಗೆ ಬಾವುಟ ಸಿಗದಿದ್ರೆ ಪೊಲೀಸ್ ಕಂಪ್ಲೇಂಟ್ ಕೊಡ್ತಾರಂತೆ. ಆಮೇಲೆ ನನ್ನನ್ನ ಯಾರು ಮನೆಯೊಳಗೆ ಬಿಟ್ಕೋತಾರೆ?"

ಅದು ಎರಡು ಸಾವಿರದ ಎಂಟರ ಅಕ್ಟೋಬರ್. ಸೆಪ್ಟೆಂಬರಿನಲ್ಲಿ ಅವಳ ಗಂಡನ ವಾಲ್ ಸ್ಟ್ರೀಟ್ ಕೆಲಸ ಹೋಗಿತ್ತು. ಅಂದಿನಿಂದ ಅವಳು ಹತ್ತಿರದ ಮೆಟುಚೆನ್ ಊರಿನಲ್ಲಿ ಫೆರೆಂಟ್ಸ್ ಎಂಬ ಹಂಗೇರಿಯ ವೃದ್ಧರನ್ನು ಹಗಲು ಹೊತ್ತು ನೋಡಿಕೊಳ್ಳುತ್ತಿದ್ದಳು. ಮೈಸೂರಿನಿಂದ ಬಂದಿದ್ದ ತಂದೆ ಅನೀಸ್ ಸಾಹೇಬರೂ ಬೇಜಾರು ಕಳೆಯಲು ಜೊತೆಗೆ ಹೋಗುತ್ತಿದ್ದರು. ಒಬ್ಬರ ಭಾಷೆ ಒಬ್ಬರಿಗೆ ಬಾರದಿದ್ದರೂ ಚದುರಂಗದ ಮಣೆಯ ಮುಂದೆ ಇಬ್ಬರೂ ಗಳಸ್ಯ ಕಂಠಸ್ಯ.

ಕಾರಿನಲ್ಲಿ ಸಯೀದಾ ಉಳಿದದ್ದನ್ನು ಹೇಳಿದಳು. ಸಾವಿರದ ಒಂಬೈನೂರ ಐವತ್ತಾರರಲ್ಲಿ, ಇದೇ ಅಕ್ಟೋಬರ್ ಇಪ್ಪತ್ತಮೂರರಂದು ಬುಡಾಪೆಸ್ಟಿನ ಜನ ದಂಗೆಯೆದ್ದಾಗ ಹತ್ತೊಂಬತ್ತರ ಫೆರೆಂಟ್ಸ್ ಬಾವುಟ ಹಿಡಿದು ಬೀದಿಗಿಳಿದಿದ್ದರು. ರಷ್ಯದ ಟ್ಯಾಂಕುಗಳು ನುಗ್ಗಿದ ಮೇಲೆ ಗಡಿ ದಾಟಿ ನ್ಯೂಜೆರ್ಸಿಗೆ ಬಂದರು. ಜೊತೆಗೆ ಬಂದದ್ದು ಆ ಬಾವುಟವೊಂದೇ. ಪ್ರತಿವರ್ಷ ಈ ದಿನ ನ್ಯೂ ಬ್ರನ್ಸ್‌ವಿಕ್ಕಿನ ಹಂಗೇರಿಯವರ ಸಭೆಗೆ ಅದನ್ನು ಹೊತ್ತೊಯ್ಯುವರು. ಈ ಬೆಳಿಗ್ಗೆ ಪೆಟ್ಟಿಗೆ ತೆರೆದು, ಪೊರೆ ಬಂದ ಕಣ್ಣಿಗೆ ಸರಿಯಾಗಿ ಕಾಣದೆ, ಬಟ್ಟೆಯ ನಡುಭಾಗವನ್ನು ಕೈಯಿಂದ ಸವರಿದ್ದಾರೆ. ತಮ್ಮದಕ್ಕೆ ನಡುವೆ ತೂತಿತ್ತು, ಇದಕ್ಕಿಲ್ಲ ಎಂದು ಕುಸಿದು ಕೂತರಂತೆ. ಹಳೆಯದನ್ನು ಸಯೀದಾಳೇ ಮಾರಿ ಹೊಸದನ್ನು ಇಟ್ಟಿದ್ದಾಳೆ ಎಂಬುದು ಫೆರೆಂಟ್ಸರ ಮಗಳು ಈಲೋನಾಳ ವಾದ.

ಮೆಟುಚೆನ್ನಿನ ಮನೆಯಲ್ಲಿ ಭಾನುಮತಿ ಬಾವುಟವನ್ನು ಕಿಟಕಿಯ ಬಳಿ ಹರಡಿದರು. ಕೆಂಪು, ಬಿಳಿ, ಹಸಿರು; ಮೂರು ಪಟ್ಟಿಗಳನ್ನು ಕೈಯಲ್ಲೇ ಕೂಡಿಸಿ ಹೊಲಿದದ್ದು.

"ರೀ, ಅಂಚು ಮುಟ್ಟಿ ನೋಡಿ."

ಕೃಷ್ಣಸ್ವಾಮಿಗಳು ಮುಟ್ಟಿದರು. ಕೆಂಪು, ಹಸಿರು ಪಟ್ಟಿಗಳ ಅಂಚು ಎರಡು ಮಡಿಕೆ, ಬಿಳಿಯದು ಒಂದೇ ಮಡಿಕೆ. ತಲೆಬುಡ ತಿಳಿಯಲಿಲ್ಲ, ಎಂದಿನಂತೆ ತಲೆಯಾಡಿಸಿದರು. ಭಾನುಮತಿ ಸಯೀದಾಳತ್ತ ತಿರುಗಿ, ತಂದೆಗೆ ಮೈಸೂರಿನಲ್ಲಿ ಏನು ಕೆಲಸವಿತ್ತೆಂದು ಕೇಳಿದರು. ರಫು ಅಂಗಡಿಯಿತ್ತು, ಹರಿದ ಬಟ್ಟೆಯನ್ನು ಅದೇ ಬಟ್ಟೆಯ ನೂಲಿನಿಂದ ನೇಯ್ದು ಮುಚ್ಚುತ್ತಿದ್ದರು, ಇಲಿ ಕಡಿದ ರೇಷ್ಮೆ ಸೀರೆಗೂ ಗುರುತು ಸಿಗದ ಹಾಗೆ ಎಂದಳು ಸಯೀದಾ. ಹೇಳುತ್ತಲೇ ಬಾಯಿಗೆ ಕೈ ಇಟ್ಟುಕೊಂಡಳು.

ಅಂದು ಸಯೀದಾಳ ಮನೆಯಲ್ಲೇ ಉಳಿದಿದ್ದ ಅನೀಸ್ ಸಾಹೇಬರನ್ನೂ ಕರೆಸಿ, ಭಾನುಮತಿ ಎಲ್ಲರನ್ನೂ ಕೂರಿಸಿದರು. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಅನೀಸ್ ಸಾಹೇಬರಿಗಾಗಿ ಕನ್ನಡದಲ್ಲಿ ಬಿಡಿಸಿ ಹೇಳಿದರು. ಹೊಸ ಬಾವುಟವಾಗಿದ್ದರೆ ಮೂರು ಅಂಚೂ ಒಂದೇ ಥರ ಇರಬೇಕಿತ್ತು. ಬಿಳಿ ಅಂಚಿನಿಂದ ಮಾತ್ರ ಯಾರೋ ನೂಲು ತೆಗೆದಿದ್ದಾರೆ. ಆ ನೂಲು ಎಲ್ಲಿ ಹೋಯಿತು? ಅವರು ಬಾವುಟವನ್ನು ಬೆಳಕಿಗೆ ಹಿಡಿದರು. ನಟ್ಟನಡುವೆ, ಚಪಾತಿಯಗಲದಷ್ಟು, ನೇಯ್ಗೆ ಒಂಚೂರು ಒತ್ತಾಗಿ ಕಂಡಿತು.

"ಕಳ್ಳತನ ಆಗೇ ಇಲ್ಲ, ಇದು ಅದೇ ಬಾವುಟ," ಎಂದರು ಭಾನುಮತಿ. ಆಮೇಲೆ ದನಿ ತಗ್ಗಿಸಿದರು. "ಸಾಹೇಬ್ರೇ, ಅಲ್ಲಿ ಮೊದಲು ಸುತ್ತಿಗೆ, ಗೋಧಿ ತೆನೆಯ ಲಾಂಛನ ಇತ್ತು. ರಷ್ಯದ ಕೈಗೊಂಬೆ ಸರ್ಕಾರ ಹಾಕಿಸಿದ್ದು. ದಂಗೆ ಎದ್ದ ಜನ ಅದನ್ನ ಕತ್ತರಿಸಿ ಎಸೆದ್ರು. ಆ ತೂತೇ ಅವರ ಸ್ವಾತಂತ್ರ್ಯದ ಗುರುತು."

ಅನೀಸ್ ಸಾಹೇಬರ ಮುಖ ಬಾಡಿತು. ಮನೆಯಲ್ಲಿ ಇಷ್ಟು ರಂಪವಾದದ್ದು ಅವರಿಗೆ ಗೊತ್ತೇ ಇರಲಿಲ್ಲ. ವಯಸ್ಸಾದ ಜೀವ ನೊಂದೀತೆಂದು ಮಗಳು ಹೇಳಿರಲಿಲ್ಲ.

"ಅವರೇ ಒಂದಿನ ತೆಗೆದು ತೋರಿಸಿ ಅತ್ತಿದ್ರಮ್ಮ. ಹರಿದೋಯ್ತು ಅಂತ ಅಳ್ತಿದಾರೆ ಅಂದ್ಕೊಂಡೆ," ಎಂದರು. "ಮಧ್ಯಾಹ್ನ ಅವರು ಮಲಗಿದಾಗ ಕೂತು ಹನ್ನೊಂದು ದಿನ ಮಾಡ್ದೆ. ಐವತ್ತು ವರ್ಷ ತೂತು ಮುಚ್ಚಿದೀನಿ. ಬೇಕೂಂತ ಇಟ್ಕೊಂಡ ತೂತು ನಾನು ನೋಡೇ ಇರ್ಲಿಲ್ಲ."

ಭಾನುಮತಿ ಆ ಮಾತನ್ನು ಇಂಗ್ಲಿಷಿಗೆ ತಿರುಗಿಸಿದರು. ಈಲೋನಾ ಎದ್ದು ಬಂದು ಸಯೀದಾಳ ಎರಡೂ ಕೈ ಹಿಡಿದು ಕ್ಷಮೆ ಕೇಳಿದಳು. ಫೆರೆಂಟ್ಸ್ ಬಾವುಟದ ನಡುಭಾಗವನ್ನು ಮತ್ತೊಮ್ಮೆ ಸವರಿದರು. ಆಮೇಲೆ ಕತ್ತರಿ ತರಿಸಿ ಗೆಳೆಯನ ಕೈಗಿಟ್ಟರು. ಸಾಹೇಬರ ಕೈ ಬಟ್ಟೆಯ ಬಳಿ ಹೋಗಿ ನಿಂತಿತು. ಫೆರೆಂಟ್ಸ್ ಅದರ ಮೇಲೆ ತಮ್ಮ ಕೈ ಇಟ್ಟರು. ಬಿಳಿಯ ತುಂಡು ದುಂಡಗೆ ಕಳಚಿ ಬಿತ್ತು.

ಫೆರೆಂಟ್ಸ್ ಅದನ್ನು ಎತ್ತಿಕೊಂಡರು. ಸಭೆಗೆಂದು ತೊಟ್ಟಿದ್ದ ಕಪ್ಪು ಕೋಟು ಬಿಚ್ಚಿ, ಎದೆಯ ಬಳಿಯ ಒಳಜೇಬು ತೂತಾಗಿದ್ದಲ್ಲಿ ಅನೀಸ್ ಸಾಹೇಬರ ಬೆರಳನ್ನು ತೂರಿಸಿ, ಆ ತುಂಡನ್ನು ಅವರ ಅಂಗೈಗೆ ಹಾಕಿದರು. ಕೃಷ್ಣಸ್ವಾಮಿಗಳಿಗೂ ಈ ಸಲ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಸಭೆಗೆ ಇನ್ನೂ ಒಂದು ಗಂಟೆ ಇತ್ತು. ಅನೀಸ್ ಸಾಹೇಬರು ಕಣ್ಣೊರೆಸಿಕೊಂಡು ಸೂಜಿಗೆ ನೂಲು ಪೋಣಿಸಿದರು.